ಅಪ್ಪಯ್ಯನ ಬಿಪಿ, ಬೇಲಿ ಪಕ್ಕದ ಎರಡು ಸಾಲು

ಲೀಡ್ಸ್, ಇಂಗ್ಲೆಂಡ್
ಡಿಸೆಂಬರ್ 11

ಅಮ್ಮಾ,

ನಾನು ಕ್ಷೇಮ. ಪುಟ್ಟಿ ಫೋಟೊ ತೆಗೆದು ಕಳಿಸಿದ ನಿನ್ನ ಕಾಗದ ಓದಿದೆ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪಯ್ಯ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇಲಿ ಪಕ್ಕದ ಎರಡು ಸಾಲಿನ ಅಡಿಕೆ ಕೊನೆಯನ್ನು ಚಿಕ್ಕಪ್ಪ ಇಳಿಸಿಬಿಟ್ಟರು, ಅಪ್ಪಯ್ಯ ಅಂಗಳದಲ್ಲಿ ನಿಂತು ಒಂದು ಗಂಟೆ ಕೂಗಾಡಿದರು, ಆಮೇಲೆ ನೋಡಿದರೆ ಬಿಪಿ 180/100. ಇಷ್ಟು ಓದಿದ ಮೇಲೆ ನಿದ್ದೆ ಎಲ್ಲಿ ಬರುತ್ತೆ? ಒಂದು ಸಮಾಧಾನ ಏನೆಂದರೆ, ಕೂಗಾಡಿದ ಕೂಡಲೇ ಪಟ್ಟಿ ಕಟ್ಟಿದರೆ ಜಾಸ್ತಿಯೇ ತೋರಿಸುತ್ತದೆ. ಐದು ನಿಮಿಷ ಬೆನ್ನು ಒರಗಿಸಿ ಕೂರಿಸು, ಮಾತು ಬೇಡ. ತೋಳು ಎದೆಯ ಮಟ್ಟದಲ್ಲಿರಲಿ, ಆಮೇಲೆ ನೋಡು. ಕಡಿಮೆಯೇ ಬಂದರೂ ಈ ವಾರ ತೀರ್ಥಹಳ್ಳಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಕಾಲು ಊದುತ್ತೆ ಅಂತ ಮಾತ್ರೆ ಬಿಟ್ಟಿದ್ದಾರಂತಲ್ಲ? ತಾವೇ ಬಿಡುವ ಹಾಗಿಲ್ಲ, ಹೇಳಿದರೆ ಡಾಕ್ಟರೇ ಬದಲಾಯಿಸಿ ಕೊಡುತ್ತಾರೆ. ಗಾಬರಿ ಬೇಡ. ಎದೆನೋವು ಬಂದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಮಾತ್ರ ಕಾಯಬೇಡ, 108ಕ್ಕೆ ಫೋನ್ ಮಾಡು. ಹಾಗೇನೂ ಆಗುವುದಿಲ್ಲ, ಗಾಬರಿ ಬೇಡ.

ನಮ್ಮ ಮನೆಯಲ್ಲಿ ಜಗಳದ ಮಧ್ಯೆ ಎದ್ದು ಹೋದರೆ ಸೋತ ಲೆಕ್ಕ. "ಮಾತಾಡ್ತಿದ್ರೆ ಎಲ್ಲಿಗೆ ಹೋಗ್ತೀಯ, ನಿಲ್ಲು" ಅಂತ ಎಷ್ಟು ಸಲ ಬೈಸಿಕೊಂಡಿದ್ದೇನೋ. ಇಲ್ಲಿ ನಮ್ಮ ವೃದ್ಧಾಶ್ರಮದಲ್ಲಿ ಸಂಬಳ ಕೊಟ್ಟು ಎದ್ದು ಹೋಗುವುದನ್ನು ಕಲಿಸಿದ್ದಾರೆ, ನಗಬೇಡ.

ಹೋದ ಮಂಗಳವಾರ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ, ಸ್ನಾನಕ್ಕೆ ಕರೆದೆ ಅಂತ ಟೀ ಕಪ್ಪನ್ನು ನನ್ನ ಮೇಲೆ ಎಸೆದರು. ಟೀ ಆರಿತ್ತು, ಚಿಂತೆ ಮಾಡಬೇಡ. ನನ್ನ ಕೈ ನಡುಗುತ್ತಿತ್ತು. ಬಾಯಿಗೆ ಏನೋ ಬರುವುದರಲ್ಲಿತ್ತು, ಅದೂ ಕನ್ನಡದಲ್ಲಿ. ಚೂರುಗಳನ್ನೆಲ್ಲ ಎತ್ತಿದೆ. ಜೊತೆಯವಳಿಗೆ "ಹತ್ತು ನಿಮಿಷ, ಇಲ್ಲೇ ಇರು" ಅಂದು ಟವೆಲ್ ಇಡುವ ಕೋಣೆಗೆ ಹೋದೆ. ಮಡಚಿಟ್ಟ ಟವೆಲ್‌ಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಮಡಚಿದೆ. ಇಪ್ಪತ್ತಾರು ಇದ್ದವು. ವಾಪಸ್ ಬಂದರೆ ಅಜ್ಜಿ, ಈಗಷ್ಟೇ ನನ್ನನ್ನು ನೋಡಿದವರ ಹಾಗೆ, "ಚಳಿಯಾಗ್ತಿದೆಯಾ ಲವ್?" ಅಂತ ಕೇಳಿದರು. ಲವ್ ಅಂದರೆ ಬೇರೆ ಏನೋ ಅಂದುಕೊಳ್ಳಬೇಡ. ಇಲ್ಲಿ ಬಸ್ ಡ್ರೈವರೂ ಹಾಗೇ ಕರೆಯುತ್ತಾನೆ, ನಮ್ಮ ಕಡೆ ಮಾರಾಯ್ತಿ ಅಂದ ಹಾಗೆ.

ಇಲ್ಲಿನವರ ಇನ್ನೊಂದು ತಮಾಷೆ ನೋಡು. ಮಾತು ಬಿಸಿಯಾಯಿತು ಅಂದರೆ ಯಾರಾದರೊಬ್ಬರು "ಟೀಗೆ ನೀರಿಡ್ತೀನಿ" ಅಂತ ಎದ್ದುಬಿಡುತ್ತಾರೆ. ಆ ಟೀಯನ್ನು ಅಪ್ಪಯ್ಯ ಕುಡಿಯುವುದಿರಲಿ, ಕರುವಿಗೂ ಕುಡಿಸುವುದಿಲ್ಲ. ನೆಪ ಮಾತ್ರ ಚೆನ್ನಾಗಿದೆ. ಅಮೆರಿಕದ ಜಾನ್ ಗಾಟ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಜಗಳವಾಡುವ ಗಂಡ ಹೆಂಡಿರ ನಾಡಿ ಅಳೆದು ನೋಡಿದ್ದಾರೆ. ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೇ ಹೋಗುವುದಿಲ್ಲವಂತೆ. ಇಳಿಯಲು ಕಡಿಮೆ ಅಂದರೂ 20 ನಿಮಿಷ ಬೇಕಂತೆ. ಆ 20 ನಿಮಿಷ ಅದೇ ಜಗಳವನ್ನು ಮನಸ್ಸಿನಲ್ಲಿ ಅರೆಯುತ್ತಾ ಕೂತರೆ ಉಪಯೋಗವಿಲ್ಲ, ಕೈಗೆ ಬೇರೆ ಕೆಲಸ ಇರಬೇಕು.

ನಿನಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ಮನೆಯ ಅಜ್ಜಿ ಬೈಯಲು ಶುರು ಮಾಡಿದ ತಕ್ಷಣ ನಿನಗೆ ಕೊಟ್ಟಿಗೆಯ ಕೆಲಸ ನೆನಪಾಗುತ್ತಿತ್ತು. ನಮ್ಮ ದನಕ್ಕೆ ಯಾಕೆ ಇಷ್ಟೊಂದು ಹುಲ್ಲು ಬೇಕು ಅಂತ ನಾನು ಅಂದುಕೊಳ್ಳುತ್ತಿದ್ದೆ. ಟವೆಲ್ ಮಡಚುವಾಗ ಅರ್ಥವಾಯಿತು.

ಈಗ ಅಪ್ಪಯ್ಯನನ್ನೂ ಕೊಟ್ಟಿಗೆಗೆ ಕಳಿಸು. "ಸಿಟ್ಟು ಮಾಡ್ಕೋಬೇಡಿ" ಅನ್ನಬೇಡ, ಇನ್ನೂ ಜಾಸ್ತಿಯಾಗುತ್ತದೆ. ಚಿಕ್ಕಪ್ಪನ ಧ್ವನಿ ಕೇಳಿದ ಕೂಡಲೇ "ಗೌರಿಗೆ ಹುಲ್ಲು ಹಾಕಿ ಬನ್ನಿ" ಅನ್ನು. ಹೋಗುವಾಗ "ಸಾಯಂಕಾಲ ಮಾತಾಡೋಣ" ಅಂತ ಅವರ ಬಾಯಿಂದಲೇ ಬರಬೇಕು, ಮತ್ತೆ ಮಾತಾಡಲೂ ಬೇಕು. ಸುಮ್ನೆ ಎದ್ದು ಹೋದರೆ ದೊಡ್ಡಮ್ಮನ ಮನೆಯ ಕಥೆಯೇ. ಆರು ವರ್ಷವಾಯಿತು, ಇನ್ನೂ ಮಾತಿಲ್ಲ. ಎರಡು ಸಾಲು ಅಡಿಕೆಗೆ ಅಷ್ಟು ಬೇಕಾ?

ಪುಟ್ಟಿಯ ಖಾತೆಗೆ ದುಡ್ಡು ಹಾಕಿದ್ದೇನೆ. ಬಿಪಿ ಮೆಷಿನ್ ತರಲಿ, ತೋಳಿಗೆ ಕಟ್ಟುವಂಥದ್ದು, ಮಣಿಕಟ್ಟಿನದು ಬೇಡ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಸ್ವೆಟರ್ ಎರಡು ಹಾಕುತ್ತೇನೆ. ಮೂರು ಮುಕ್ಕಾಲಕ್ಕೇ ಸೂರ್ಯ ಮುಳುಗಿದ. ರಾತ್ರಿ ಪಾಳಿ ಇದೆ, ಬಸ್ಸಿಗೆ ಓಡಬೇಕು. ಈ ಕಾಗದ ಅಪ್ಪಯ್ಯನಿಗೆ ತೋರಿಸಬೇಡ.

ನಿನ್ನ,
ಸುಮಾ