ಐವತ್ತು ಸಾವಿರ ಎಂದ ಕೂಡಲೇ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡ ಪೋಷಕರಿಗೆ

ದಿನಾಂಕ: 29-01-2022
ಸರ್ಕಾರಿ ಪ್ರೌಢಶಾಲೆ, ಹಾಸನ ಜಿಲ್ಲೆ

ಹತ್ತನೇ ತರಗತಿಯ ಮಕ್ಕಳ ತಂದೆ-ತಾಯಂದಿರಿಗೂ, ಅವರ ಜಾಗದಲ್ಲಿ ನಿಂತು ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಜ್ಜ-ಅಜ್ಜಿ, ಸೋದರಮಾವಂದಿರಿಗೂ ನಮಸ್ಕಾರ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಹತ್ತನೇ ತರಗತಿಯ 54 ಮಕ್ಕಳಲ್ಲಿ 29 ಮಂದಿ ಮಾತ್ರ ಇದ್ದರು. ಹಿಂದಿನ ದಿನ, ಭಾನುವಾರ, ರಾಜ್ಯದಲ್ಲಿ 50,210 ಮಂದಿಗೆ ಕೊರೊನಾ ಎಂದು ಟೀವಿಯಲ್ಲಿ ಬಂದಿತ್ತು. ಒಂಬತ್ತೂವರೆ ಆಗುವುದರೊಳಗೆ ನನ್ನ ಫೋನಿಗೆ ಹದಿಮೂರು ಕರೆ. "ಮೇಡಂ, ಐವತ್ತು ಸಾವಿರ ದಾಟೈತಂತೆ, ಮಗೂನ ಕಳ್ಸೋದಾ ಬ್ಯಾಡ್ವಾ?" ಎಲ್ಲರದ್ದೂ ಇದೇ ಪ್ರಶ್ನೆ. ನಿಂತ ಕಾಲಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಲು ಬಾರದ ಹಿರಿಯರಿಗೆ ಮಕ್ಕಳೇ ಗಟ್ಟಿಯಾಗಿ ಓದಿ ಹೇಳಲಿ.

ಐವತ್ತು ಸಾವಿರ ಎಂಬ ಅಂಕಿಯನ್ನು ನಮ್ಮ ರಾಜ್ಯ ಇದಕ್ಕೆ ಮುಂಚೆ ಒಂದು ಸಲ ನೋಡಿದೆ. ಕಳೆದ ವರ್ಷ ಮೇ 5ರಂದು 50,112. ಮೊನ್ನೆ ಭಾನುವಾರ 50,210. ಹೆಚ್ಚುಕಮ್ಮಿ ಒಂದೇ. ಆದರೆ ಆರೋಗ್ಯ ಇಲಾಖೆಯ ಮೇ 5ರ ಬುಲೆಟಿನ್‌ನಲ್ಲಿ ಬರೆದ ಸಾವು 346, ಮೊನ್ನೆಯದರಲ್ಲಿ 19. ಆ ದಿನ ಪರೀಕ್ಷೆ ಮಾಡಿದ್ದು ಸುಮಾರು 1.55 ಲಕ್ಷ ಮಂದಿಗೆ, ನೂರರಲ್ಲಿ 32 ಮಂದಿ ಪಾಸಿಟಿವ್. ಮೊನ್ನೆ ಪರೀಕ್ಷೆ ಮಾಡಿದ್ದು ಸುಮಾರು 2.20 ಲಕ್ಷ ಮಂದಿಗೆ, ನೂರರಲ್ಲಿ 23 ಮಂದಿ. ಟೀವಿಯ ಕೆಂಪು ಪಟ್ಟಿಯಲ್ಲಿ ಓಡುವುದು ಮೊದಲನೇ ಅಂಕಿ ಒಂದೇ. ಉಳಿದದ್ದನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಎರಡೂ ದಿನ ಒಂದೇ ಥರ ಕಾಣುತ್ತವೆ.

ಹಾಗಂತ "ಹತ್ತೊಂಬತ್ತೇ ತಾನೇ" ಎಂದು ಹಗುರವಾಗಿ ತೆಗೆದುಕೊಳ್ಳುವುದೂ ತಪ್ಪು. ಇವತ್ತು ಪಾಸಿಟಿವ್ ಆದವರಲ್ಲಿ ಯಾರಿಗಾದರೂ ಕಾಯಿಲೆ ಬಿಗಡಾಯಿಸಿದರೆ ಅದು ಆಸ್ಪತ್ರೆಯ ಲೆಕ್ಕಕ್ಕೆ ಬರುವುದು ವಾರದ ಮೇಲೆ, ಸಾವಿನ ಲೆಕ್ಕಕ್ಕೆ ಬರುವುದು ಇನ್ನೂ ತಡವಾಗಿ. ಈ ವಾರವೇ ನೋಡಿ. ನಿನ್ನೆ ಶುಕ್ರವಾರದ ಹೊತ್ತಿಗೆ ಹೊಸ ಕೇಸು 31 ಸಾವಿರದ ಆಸುಪಾಸಿಗೆ ಇಳಿದಿದೆ, ಸಾವು ಐವತ್ತರ ಆಸುಪಾಸಿಗೆ ಏರಿದೆ. ಕೇಸು ಇಳಿಯಿತು ಎಂದು ಈಗಲೇ ಮಾಸ್ಕ್ ಬಿಚ್ಚಿಡುವ ಸಮಯ ಬಂದಿಲ್ಲ.

ಈ ಲೆಕ್ಕದ ಬೆಲೆ ನನಗೆ ಗೊತ್ತಾಗಿದ್ದು ನಮ್ಮ ಮನೆಯಲ್ಲೇ. ಕಳೆದ ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನಿಗೆ ಜ್ವರ ಬಂತು. ಪರೀಕ್ಷೆ ಮಾಡಿಸಿದರೆ ಮನೆ ಮುಂದೆ ಟೇಪು ಕಟ್ಟುತ್ತಾರೆ, ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ, ಊರವರು ಒಂದು ಥರ ನೋಡುತ್ತಾರೆ ಎಂದು ಆರು ದಿನ ಜ್ವರದ ಮಾತ್ರೆ ನುಂಗಿಕೊಂಡು ಮನೆಯಲ್ಲೇ ಇದ್ದರು. ನಾನೂ ಫೋನಿನಲ್ಲಿ "ಎರಡು ದಿನ ನೋಡೋಣ ಚಿಕ್ಕಪ್ಪ" ಅಂದುಬಿಟ್ಟೆ. ಏಳನೇ ದಿನ ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಾಗ ರಕ್ತದ ಆಕ್ಸಿಜನ್ ನೂರಕ್ಕೆ 81 ತೋರಿಸಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಆಕ್ಸಿಜನ್ ಬೆಡ್ ಖಾಲಿ ಇರಲಿಲ್ಲ. ಎರಡನೆಯದರಲ್ಲಿ ರಿಪೋರ್ಟ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದರು. ಮೂರನೆಯದರಲ್ಲಿ ಬೆಡ್ ಸಿಕ್ಕಾಗ ರಾತ್ರಿ ಹನ್ನೊಂದೂವರೆ. ಅಲ್ಲಿ ನಾಲ್ಕು ದಿನ ಇದ್ದರು, ಐದನೇ ದಿನ ಹೋದರು.

ಕೆಲವು ದಿನದ ಮೇಲೆ ರಾಜ್ಯದ ಬುಲೆಟಿನ್ ತೆರೆದು ಅವರನ್ನು ಹುಡುಕಿದೆ. ಅದರಲ್ಲಿ ಹೆಸರು ಇರುವುದಿಲ್ಲ. ಜಿಲ್ಲೆ, ರೋಗಿಯ ನಂಬರು, ವಯಸ್ಸು, ಲಕ್ಷಣ, ಸೇರಿದ ದಿನ, ಹೋದ ದಿನ, ಇಷ್ಟು ಒಂದು ಸಾಲಿನಲ್ಲಿ. ಹಾಸನ, 58, ಗಂಡು, "ಸಾರಿ". ಉಸಿರಾಟದ ತೀವ್ರ ಸೋಂಕಿಗೆ ಇಂಗ್ಲಿಷಿನಲ್ಲಿ ಬಳಸುವ ಚಿಕ್ಕ ಹೆಸರು ಅದು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮನೆಯಲ್ಲಿದ್ದ ಆ ಆರು ದಿನ ಅವರು ಯಾವ ಲೆಕ್ಕದಲ್ಲೂ ಇರಲಿಲ್ಲ. ಜಿಲ್ಲೆಯಲ್ಲಿ ಎಷ್ಟು ಬೆಡ್ ಬೇಕಾಗಬಹುದು ಎಂದು ಯಾರಾದರೂ ಅಂದಾಜು ಹಾಕಿದ್ದರೆ, ಆ ಅಂದಾಜಿನಲ್ಲಿ ನಮ್ಮ ಚಿಕ್ಕಪ್ಪ ಇರಲೇ ಇಲ್ಲ.

ನಮ್ಮ ಶಾಲೆಯ ಆಫೀಸ್ ರೂಮಿನ ಪಕ್ಕದ ಕರಿಹಲಗೆಯನ್ನು ನೀವು ನೋಡಿರುತ್ತೀರಿ. ದಿನಾ ಬೆಳಿಗ್ಗೆ ಸರದಿಯ ಪ್ರಕಾರ ಒಬ್ಬರು ವಿದ್ಯಾರ್ಥಿ ಅಲ್ಲಿ ಜಿಲ್ಲೆಯ ಲೆಕ್ಕ ಬರೆಯುತ್ತಾರೆ: ನಿನ್ನೆ ಎಷ್ಟು ಜನಕ್ಕೆ ಪರೀಕ್ಷೆ ಆಯಿತು, ಎಷ್ಟು ಪಾಸಿಟಿವ್, ನೂರಕ್ಕೆ ಎಷ್ಟಾಯಿತು, ಐಸಿಯುನಲ್ಲಿ ಎಷ್ಟು ಮಂದಿ ಇದ್ದಾರೆ. ಮೂರನೆಯದನ್ನು ಎಲ್ಲಿಂದಲೂ ಕಾಪಿ ಮಾಡುವಂತಿಲ್ಲ, ಹಲಗೆಯ ಮೇಲೆಯೇ ಭಾಗಿಸಿ ತೆಗೆಯಬೇಕು. ಮೊನ್ನೆ ಹಾಗೆ ಭಾಗಾಕಾರ ಮಾಡುತ್ತಿದ್ದ ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದ ಕೈ ನಿಲ್ಲಿಸಿ, "ಮಿಸ್, ಪರೀಕ್ಷೆನೇ ಮಾಡ್ದಿದ್ರೆ ಕೇಸೇ ಇರಲ್ಲ ಅಲ್ವಾ?" ಎಂದಳು. ದೊಡ್ಡವರಾದ ನಾವು ಎರಡು ವರ್ಷದಿಂದ ತಿಳಿಯದೆ ಒದ್ದಾಡುತ್ತಿರುವುದನ್ನು ಆ ಮಗು ಒಂದು ನಿಮಿಷದಲ್ಲಿ ಹಿಡಿಯಿತು. ನೂರು ಮಂದಿಗೆ ಪರೀಕ್ಷೆ ಮಾಡಿ ಇಪ್ಪತ್ತು ಪಾಸಿಟಿವ್ ಬಂದರೆ ನಮಗೆ ಕಾಣದ ಸೋಂಕು ಊರಿನಲ್ಲಿ ಇನ್ನೂ ಬೇಕಾದಷ್ಟಿದೆ ಎಂದರ್ಥ. ಸಾವಿರ ಮಂದಿಗೆ ಮಾಡಿ ಅದೇ ಇಪ್ಪತ್ತು ಬಂದರೆ ಪರಿಸ್ಥಿತಿ ಕೈ ಮೀರಿಲ್ಲ. ಇದನ್ನೇ ಪಾಸಿಟಿವಿಟಿ ರೇಟ್ ಎನ್ನುತ್ತಾರೆ. ಎರಡು ವಾರ ಶೇ 5ಕ್ಕಿಂತ ಕೆಳಗಿದ್ದರೆ ಸೋಂಕು ಹಿಡಿತದಲ್ಲಿದೆ ಎಂದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು.

ಈ ಶೇಕಡಾ ಲೆಕ್ಕ ನಮ್ಮ ಮಕ್ಕಳಿಗೆ ಬಿಸಿ ಮುಟ್ಟಿಸಿದ್ದು ಕಳೆದ ಆಗಸ್ಟ್‌ನಲ್ಲಿ. 23ನೇ ತಾರೀಖಿನಿಂದ ಒಂಬತ್ತು, ಹತ್ತು ಮತ್ತು ಪಿಯುಸಿ ತರಗತಿಗಳನ್ನು ತೆರೆಯಬಹುದು, ಆದರೆ ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆ ಇರುವ ಕಡೆ ಮಾತ್ರ ಎಂದು ಸರ್ಕಾರ ಹೇಳಿತು. ಪಕ್ಕದ ತುಮಕೂರು, ಮಂಡ್ಯದಲ್ಲಿ ಗಂಟೆ ಬಾರಿಸಿದರು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರಿನ ಜೊತೆಗೆ ನಮ್ಮ ಹಾಸನವೂ ಕಾಯಬೇಕಾಯಿತು. ನಮ್ಮ ಮಕ್ಕಳು ಶುಂಠಿ ಗದ್ದೆಯಲ್ಲಿ, ಕಾಫಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದ ದಿನಗಳವು. ಹಾಗಾಗಿ ಪರೀಕ್ಷೆ, ಪಾಸಿಟಿವಿಟಿ ಎಂಬುದೆಲ್ಲ ಬೆಂಗಳೂರಿನವರ ಮಾತು ಎಂದು ನೀವು ತಿಳಿಯಬಾರದು. ನಮ್ಮ ಶಾಲೆಯ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಅದರ ಮೇಲೆಯೇ.

ಹಲಗೆ ನೋಡುವಾಗ ಒಂದೆರಡು ಮಾತು ನೆನಪಿಟ್ಟುಕೊಳ್ಳಿ. ಭಾನುವಾರ, ಹಬ್ಬದ ದಿನ ಪರೀಕ್ಷೆ ಕಡಿಮೆ ನಡೆಯುವುದರಿಂದ ಮರುದಿನದ ಕೇಸು ತಾನಾಗಿ ಇಳಿಯುತ್ತದೆ. ಒಂದು ದಿನದ ಅಂಕಿಗೆ ಹೆದರಲೂ ಬೇಡಿ, ಹಿಗ್ಗಲೂ ಬೇಡಿ. ವಾರಕ್ಕೊಮ್ಮೆ ಮಕ್ಕಳಿಂದ ಏಳು ದಿನದ ಸರಾಸರಿ ತೆಗೆಸುತ್ತೇವೆ, ಅದನ್ನು ನೋಡಿ. ಅಲ್ಲದೆ ಈ ತಿಂಗಳ 10ರಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ನಿಯಮ ಬದಲಾಯಿಸಿದೆ. ಸೋಂಕಿತರ ಸಂಪರ್ಕದಲ್ಲಿದ್ದರೂ ಲಕ್ಷಣ ಇಲ್ಲದಿದ್ದರೆ, ವಯಸ್ಸಾದವರೋ ಬೇರೆ ಕಾಯಿಲೆ ಇರುವವರೋ ಅಲ್ಲದಿದ್ದರೆ ಪರೀಕ್ಷೆ ಕಡ್ಡಾಯವಿಲ್ಲ. ಮನೆಯಲ್ಲೇ ಕಿಟ್ ತಂದು ನೋಡಿಕೊಂಡು ಯಾರಿಗೂ ತಿಳಿಸದೆ ಸುಮ್ಮನಾಗುವವರೂ ಇದ್ದಾರೆ. ಆದ್ದರಿಂದ ಈಗಿನ ಕೇಸಿನ ಅಂಕಿ ಹಿಂದಿನಷ್ಟು ನೆಚ್ಚುವಂಥದ್ದಲ್ಲ. ನನ್ನ ಕಣ್ಣು ಮೊದಲು ಹೋಗುವುದು ಆಸ್ಪತ್ರೆಯ ಕಾಲಂಗೆ.

ಅದಕ್ಕೆ ಕಾರಣವಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೈ ಮೀರಿದವರು ಹಾಸನದ ಸರ್ಕಾರಿ ದೊಡ್ಡಾಸ್ಪತ್ರೆಯಾದ ಹಿಮ್ಸ್‌ಗೇ ಹೋಗಬೇಕು. ಅಲ್ಲಿಗೆ ಬರುವುದು ಕೊರೊನಾದವರು ಮಾತ್ರವಲ್ಲ. ಕಷ್ಟದ ಹೆರಿಗೆ, ಬೈಕಿನಿಂದ ಬಿದ್ದವರು, ಹಾವು ಕಚ್ಚಿದವರು, ಎಲ್ಲರಿಗೂ ಅದೇ ಐಸಿಯು, ಅದೇ ಆಕ್ಸಿಜನ್, ಅದೇ ನರ್ಸಮ್ಮಂದಿರು. ಕಳೆದ ವರ್ಷ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನ 24 ಮಂದಿ ತೀರಿಕೊಂಡ ಸುದ್ದಿ ಕೇಳಿ ಇಡೀ ರಾಜ್ಯ ನಡುಗಿತ್ತು. ಕೇಸು ಐವತ್ತು ಸಾವಿರ ದಾಟಿದ ಆ ಮೇ 5ರಂದೇ ನಮ್ಮ ಹೈಕೋರ್ಟ್, ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಿ ಎಂದು ಕೇಂದ್ರಕ್ಕೆ ಆದೇಶ ಮಾಡಬೇಕಾಯಿತು. ಬೆಡ್ ತುಂಬಿತು ಎಂದರೆ ಗಾಬರಿಪಡಬೇಕಾದ್ದು ಹೌದು. ಈಗ ಬಹಳಷ್ಟು ಮಂದಿ ಮನೆಯಲ್ಲೇ ಗುಣವಾಗುತ್ತಿರುವುದರಿಂದ ಆ ಸ್ಥಿತಿ ಬಂದಿಲ್ಲ.

ಆ ಮೇ ತಿಂಗಳಿಗೂ ಈ ಜನವರಿಗೂ ನಡುವೆ ಬಂದದ್ದು ಲಸಿಕೆ. ಓಮಿಕ್ರಾನ್ ತಳಿ ಸ್ವಲ್ಪ ಸೌಮ್ಯ ಎನ್ನುವುದೂ ನಿಜ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಆಗ 18 ದಾಟಿದವರಿಗೆಲ್ಲ ಲಸಿಕೆ ಎಂದು ಮೇ 1ಕ್ಕೆ ಹೇಳಿದರು. ಲಸಿಕೆ ಸಾಲದೆ, 18ರಿಂದ 44ರವರಿಗೆ ಕೊಡುವುದನ್ನು ಮೇ 14ರಿಂದ ನಿಲ್ಲಿಸಿದರು. ನಿಮ್ಮಲ್ಲಿ ಎಷ್ಟೋ ಜನ ಬೆಳಗಿನ ಜಾವಕ್ಕೆ ಹೋಗಿ ಚಪ್ಪಲಿ ಸಾಲಿಟ್ಟು ಬಂದವರಿದ್ದೀರಿ. ಈಗ ಲಸಿಕೆಯೇ ನಮ್ಮ ಶಾಲೆಗೆ ಬರುತ್ತಿದೆ.

ಜನವರಿ 4ರಂದು ನಮ್ಮಲ್ಲಿ ಕೋವ್ಯಾಕ್ಸಿನ್ ಮೊದಲ ಡೋಸ್ ಪಡೆದ ಮಕ್ಕಳಿಗೆ 28 ದಿನ ತುಂಬುತ್ತಿದೆ. ಎರಡನೇ ಡೋಸ್ ಫೆಬ್ರವರಿ 3, ಗುರುವಾರ ಬೆಳಿಗ್ಗೆ ಹತ್ತಕ್ಕೆ, ಶಾಲೆಯಲ್ಲೇ. ಹೋದ ಸಲ ಒಬ್ಬ ಹುಡುಗ ಸೂಜಿಗೆ ಹೆದರಿ ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದಿದ್ದ. ಚುಚ್ಚಿಸಿಕೊಂಡು ಬೆಂಚಿನ ಮೇಲೆ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಸಿಸ್ಟರ್ ಕಾಲು ಎತ್ತಿ ಹಿಡಿದು, ಅಡುಗೆಯವರು ಒಂದು ಲೋಟ ಸಕ್ಕರೆ ನೀರು ತಂದುಕೊಟ್ಟ ಮೇಲೆ ಐದು ನಿಮಿಷದಲ್ಲಿ ಎದ್ದು ಕೂತ. ಊರಿನಲ್ಲಿ ಮಾತ್ರ "ಲಸಿಕೆ ಹಾಕಿದ್ದಕ್ಕೆ ಹುಡುಗ ಬಿದ್ದ" ಎಂದು ಸುದ್ದಿಯಾಯಿತು. ದಯವಿಟ್ಟು ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕಳಿಸಿ. ಸಡಿಲ ತೋಳಿನ ಅಂಗಿ ಇರಲಿ. ಆಧಾರ್ ಕಾರ್ಡ್, ಮೊದಲ ಸಲ ಕೊಟ್ಟ ಅದೇ ಮೊಬೈಲ್ ನಂಬರು ಬೇಕು. ಮನೆಗೆಲ್ಲ ಒಂದೇ ಫೋನ್ ಎಂದು ಕೆಲವರು ಮಗುವಿನ ಹೆಸರು ಬರೆಸಿರಲಿಲ್ಲ. ಲಸಿಕೆಗೆ ಹೆಸರು ಬರೆಸುವ ಸರ್ಕಾರದ ಕೋವಿನ್‌ನಲ್ಲಿ ಒಂದು ನಂಬರಿಗೆ ನಾಲ್ಕೇ ಹೆಸರು ಹಿಡಿಯುತ್ತಿತ್ತು, ಈ ತಿಂಗಳ 21ರಿಂದ ಆರು ಮಾಡಿದ್ದಾರೆ. ಹಾಗಾಗಿ ಆ ಮಕ್ಕಳಿಗೂ ಅಂದೇ ಮೊದಲ ಡೋಸ್ ಹಾಕಿಸಬಹುದು. ಅವರು 2007ರಲ್ಲಿ ಅಥವಾ ಅದಕ್ಕೆ ಮುಂಚೆ ಹುಟ್ಟಿರಬೇಕು, ಅಷ್ಟೆ.

ಹೆಣ್ಣುಮಕ್ಕಳ ತಾಯಂದಿರು ನಾಲ್ಕೈದು ಮಂದಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದಿದೆ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾ ಎಂದು. ಇಲ್ಲ ತಾಯಿ. ಮುಟ್ಟಾದ ದಿನ ಹಾಕಿಸಿಕೊಂಡರೂ ತೊಂದರೆಯಿಲ್ಲ. ತೋಳು ನೋವು, ಒಂದೆರಡು ದಿನ ಮೈ ಬಿಸಿ ಬರಬಹುದು. ಮಾತ್ರೆಯನ್ನು ನಿಮ್ಮಷ್ಟಕ್ಕೆ ಮುಂಚೆಯೇ ನುಂಗಿಸಬೇಡಿ, ಬೇಕೆನಿಸಿದರೆ ಸಿಸ್ಟರನ್ನು ಕೇಳಿ ಕೊಡಿ.

ಮನೆಯಲ್ಲಿ 60 ದಾಟಿದ ಸಕ್ಕರೆ ಕಾಯಿಲೆ, ಬಿಪಿ ಇರುವ ಅಜ್ಜ-ಅಜ್ಜಿ ಇದ್ದು, ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು ತುಂಬಿದ್ದರೆ ಮುನ್ನೆಚ್ಚರಿಕೆ ಡೋಸ್‌ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸೋಂಕು ಬಂದರೆ ಹೆಚ್ಚಿನ ಮಕ್ಕಳು ಕೆಲವೇ ದಿನದಲ್ಲಿ ಎದ್ದು ಓಡಾಡುತ್ತಾರೆ. ನನಗಿರುವ ಚಿಂತೆ ಅದೇ ಜಗುಲಿಯಲ್ಲಿ ಮಲಗುವ ಹಿರಿಯರದ್ದು.

ಜ್ವರ, ಗಂಟಲು ಕೆರೆತ, ಮೈಕೈ ನೋವು ಇದ್ದರೆ ಮಗುವನ್ನು ಕಳಿಸಬೇಡಿ, ನನಗೊಂದು ಫೋನ್ ಮಾಡಿ. ಹಾಜರಾತಿಯ ಚಿಂತೆ ನನಗೆ ಬಿಡಿ. ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಫಲಿತಾಂಶ ಫೋನಿಗೆ ಮೆಸೇಜ್ ಬರುತ್ತದೆ, ಅದನ್ನು ಅಳಿಸಬೇಡಿ. ಪಾಸಿಟಿವ್ ಬಂದರೆ ಏಳು ದಿನ ಮನೆಯಲ್ಲಿರಬೇಕು, ಕೊನೆಯ ಮೂರು ದಿನ ಜ್ವರ ಇರಬಾರದು. ಶಾಲೆಯಲ್ಲಿ ಮೂರು ಆಕ್ಸಿಮೀಟರ್ ಇವೆ. ರಾತ್ರಿ ಹತ್ತಕ್ಕೆ ಕೇಳಿದರೂ ತಂದುಕೊಡುವ ವ್ಯವಸ್ಥೆ ಮಾಡಿದ್ದೇವೆ. 94ಕ್ಕಿಂತ ಕೆಳಗೆ ತೋರಿಸಿದರೆ ಇನ್ನೆರಡು ದಿನ ನೋಡೋಣ ಎನ್ನದೆ ತಕ್ಷಣ 108ಕ್ಕೆ ಕರೆ ಮಾಡಿ. ಯಾರ ಮಗುವಿಗೆ ಪಾಸಿಟಿವ್ ಎಂದು ಶಾಲೆಯಲ್ಲಿ ಯಾರಿಗೂ ಹೇಳುವುದಿಲ್ಲ, ಹಲಗೆಯ ಮೇಲೆ ಬರೆಯುವುದಿಲ್ಲ. ಇದು ನನ್ನ ಮಾತು.

ಇನ್ನು ನೀವು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ. ಹುಷಾರಾಗಿರುವ ಮಗುವನ್ನು ಕಳಿಸಿ. ಈ ಮಕ್ಕಳು ಎಂಟನೇ ತರಗತಿಯ ಪರೀಕ್ಷೆ ಬರೆಯದೆ ಒಂಬತ್ತಕ್ಕೆ ಬಂದವರು. ಒಂಬತ್ತರಲ್ಲಿ ಅವರಿಗೆ ತರಗತಿ ಪೂರ್ತಿಯಾಗಿ ಶುರುವಾದದ್ದೇ ಫೆಬ್ರವರಿಯಲ್ಲಿ, ಅದೂ ಏಪ್ರಿಲ್‌ಗೆ ನಿಂತಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 28ಕ್ಕೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು ಒಂದು ಬೆಂಚಿಗೆ ಇಬ್ಬರಂತೆ ಕೂರಿಸುತ್ತಿದ್ದೇವೆ, ಬಿಸಿಯೂಟಕ್ಕೆ ಹೊಂಗೆ ಮರದ ಕೆಳಗೆ ದೂರ ದೂರ ಕೂರುತ್ತಾರೆ. ಹಲಗೆಯ ಲೆಕ್ಕ ಕೆಡುತ್ತಾ ಹೋದರೆ, ಆಸ್ಪತ್ರೆಯ ಕಾಲಂ ಏರತೊಡಗಿದರೆ, ಮಕ್ಕಳನ್ನು ಕಳಿಸಬೇಡಿ ಎಂದು ನಾನೇ ಮೊದಲು ಫೋನ್ ಮಾಡುತ್ತೇನೆ.

ಈ ಪತ್ರದ ಕೆಳಗೆ ಲಸಿಕೆಯ ಒಪ್ಪಿಗೆ ಚೀಟಿ ಇದೆ. ಸಹಿ ಅಥವಾ ಹೆಬ್ಬೆಟ್ಟು ಹಾಕಿ ಸೋಮವಾರ ಮಗುವಿನ ಕೈಯಲ್ಲೇ ಕಳಿಸಿ. ಅನುಮಾನ ಉಳಿದವರು ಬುಧವಾರ ಸಂಜೆ ನಾಲ್ಕೂವರೆಗೆ ಶಾಲೆಗೆ ಬನ್ನಿ, ಆರೋಗ್ಯ ಕೇಂದ್ರದ ಡಾಕ್ಟರು ಬರುತ್ತಿದ್ದಾರೆ. ಅಜ್ಜಿಯರನ್ನೂ ಕರೆತನ್ನಿ, ಕುರ್ಚಿ ಹಾಕಿಸಿರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ