ಮುಂಬಯಿಗೆ ಬಂದೂ ಊರಿಗೆ ಬಾರದ ಕಾರಣ

ಮಸ್ಕತ್,
ಶನಿವಾರ, ಫೆಬ್ರವರಿ 8, 2025

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಕಿರಿಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ನಿಮ್ಮ, ಅಮ್ಮನ ಮತ್ತು ಅಣ್ಣ ಅತ್ತಿಗೆಯರ ಕ್ಷೇಮಕ್ಕೆ ಬರೆಯುತ್ತಿರಬೇಕು.

ಮುಂಬಯಿಯವರೆಗೆ ಬಂದವನು ಊರಿಗೆ ಬಾರದೆ ಹಿಂದಿರುಗಿದ್ದಕ್ಕೆ ನೀವು ಫೋನಿನಲ್ಲಿ ಒಂದು ಮಾತನ್ನೂ ಅನ್ನದೆ ಅಮ್ಮನ ಕೈಗೆ ಫೋನು ದಾಟಿಸಿಬಿಟ್ಟಿರಿ. ಬೈದಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ. ನನಗೆ ಸಿಕ್ಕಿದ್ದು ನಾಲ್ಕು ದಿನದ ರಜೆ. ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಬರಲು ಒಂದು ರಾತ್ರಿ, ಹಿಂದಿರುಗಲು ಇನ್ನೊಂದು ರಾತ್ರಿ ಎಂದು ಲೆಕ್ಕ ಹಾಕಿದರೆ, ಬಂದ ಕೆಲಸಕ್ಕೆ ವೇಳೆ ಉಳಿಯುತ್ತಿರಲಿಲ್ಲ. ಆ ಕೆಲಸವೇನೆಂದು ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ನೀವು ಕಳೆದ ವರ್ಷ ನನ್ನ ಕೈಗೆ ಕೊಟ್ಟ, ರೀಲು ಹಾಕುವ ಹಳೆಯ ಯಾಶಿಕಾ ಕ್ಯಾಮರಾವನ್ನು ನಾನು ಮರಳುಗಾಡಿಗೆ ಒಯ್ದು ಕೆಡಿಸಿಕೊಂಡಿದ್ದೆ. ಈಗ ಅದು ಸರಿಯಾಗಿದೆ. ಆದುದರಿಂದ ನಡೆದುದನ್ನು ನಡೆದಂತೆ ಬರೆಯುತ್ತೇನೆ.

ಮಸ್ಕತ್ತಿನಿಂದ ಸುಮಾರು ಇನ್ನೂರು ಕಿಲೋಮೀಟರು ದಕ್ಷಿಣಕ್ಕೆ ಹೋದರೆ ವಹೀಬಾ ಮರಳುಗಾಡು ಸಿಗುತ್ತದೆ. ಬಿದಿಯಾ ಎಂಬ ಊರಿನ ತನಕ ಡಾಂಬರು ರಸ್ತೆಯಿದೆ. ಅಲ್ಲಿ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿಕೊಂಡೇ ಮರಳಿಗೆ ಇಳಿಯಬೇಕು. ಗಾಳಿ ಕಡಿಮೆಯಾದಾಗ ಟೈರು ಅಗಲವಾಗಿ ಮರಳಿನ ಮೇಲೆ ಕೂರುತ್ತದೆ, ಇಲ್ಲದಿದ್ದರೆ ಹೂತುಹೋಗುತ್ತದೆ. ದಿಬ್ಬಗಳು ಕೆಲವೆಡೆ ನೂರು ಮೀಟರಿನಷ್ಟು ಎತ್ತರವಿವೆ. ಅವುಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಘಾಫ್ ಎಂಬ ಮರ ಬೇರಾವುದೂ ಅಲ್ಲ, ನಮ್ಮ ಬನ್ನಿ ಮರವೇ. ವಿಜಯದಶಮಿಯ ದಿನ ಯಾವ ಎಲೆಯನ್ನು ಬಂಗಾರವೆಂದು ಹಂಚುತ್ತೇವೋ ಅದನ್ನೇ ಇಲ್ಲಿ ಒಂಟೆ ಕತ್ತು ಚಾಚಿ ಮೇಯುತ್ತಿರುತ್ತದೆ. ಅಮ್ಮನಿಗೆ ಇದನ್ನು ತಪ್ಪದೆ ಓದಿ ಹೇಳಿ.

ಮೊದಲ ಸಲ, ನವೆಂಬರಿನಲ್ಲಿ, ನಾನು ಒಯ್ದದ್ದು ಡಿಜಿಟಲ್ ಕ್ಯಾಮರಾ ಮತ್ತು ಉದ್ದನೆಯ ಲೆನ್ಸು. ಬದೂ ಎಂಬ ಮರಳುಗಾಡಿನ ಅಲೆಮಾರಿ ಜನರ ಒಂದು ಕುಟುಂಬದ ಬಿಡಾರದ ಬಳಿ, ಮುಖಕ್ಕೆ ಇಲ್ಲಿನವರು ಬುರ್ಖಾ ಎಂದೇ ಕರೆಯುವ ಗಟ್ಟಿ ಬಟ್ಟೆಯ ಮುಖವಾಡ ಧರಿಸಿದ ಹೆಂಗಸೊಬ್ಬರು ಆಡುಗಳಿಗೆ ಮೇವು ಹಾಕುತ್ತಿದ್ದರು. ದೂರದಲ್ಲೇ ನಿಂತು, ಅವರಿಗೆ ಗೊತ್ತಾಗಲಿಲ್ಲವೆಂಬ ಸಮಾಧಾನದಿಂದ, ನಲವತ್ತರಷ್ಟು ಫೋಟೊ ಹೊಡೆದೆ. ಸ್ವಲ್ಪ ಹೊತ್ತಿಗೆ ಹನ್ನೆರಡು ವರ್ಷದ ಹುಡುಗನೊಬ್ಬ ಬಂದು ಲೆನ್ಸಿನ ಮುಂದೆ ಅಂಗೈ ಅಗಲಿಸಿ ನಿಂತ. ಆ ಹೆಂಗಸು ಅವನ ತಾಯಿ. ಅವನು ಕೂಗಾಡಲಿಲ್ಲ. ಪಕ್ಕದಲ್ಲಿ ನಿಂತು, ಪರದೆಯ ಮೇಲೆ ಒಂದೊಂದು ಚಿತ್ರವನ್ನೂ ತೋರಿಸಲು ಹೇಳಿ, ಒಂದೊಂದನ್ನೂ ಅಳಿಸಿಸಿದ. ನಲವತ್ತು ಸಲ ಗುಂಡಿ ಒತ್ತುವಷ್ಟು ಹೊತ್ತು ಒಬ್ಬ ಹುಡುಗನ ಮುಂದೆ ತಲೆತಗ್ಗಿಸಿ ನಿಲ್ಲುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋದಾಗ ಯಾಶಿಕಾ ಒಯ್ದೆ. ಹುಡುಗ ನನ್ನ ಗುರುತು ಹಿಡಿದು ಮೊದಲಿನಂತೆಯೇ ಎದುರಿಗೆ ಬಂದ. ಆದರೆ ಕಣ್ಣಿಗೆ ಏರಿಸುವ ಬದಲು ಎದೆಯ ಕೆಳಗೆ ಹಿಡಿದು, ಬಾವಿಗೆ ಬಗ್ಗಿದಂತೆ ಬಗ್ಗಿ ನೋಡುವ ಈ ಪೆಟ್ಟಿಗೆ ಏನೆಂದು ಅವನಿಗೆ ಅರ್ಥವಾಗಲಿಲ್ಲ. ಮೇಲಿನ ಮುಚ್ಚಳ ತೆರೆದು ಗಾಜಿನೊಳಗೆ ನೋಡಲು ಬಿಟ್ಟೆ. ಎಡಕ್ಕೆ ಹೋಗುತ್ತಿದ್ದ ಅವರ ಒಂಟೆ ಗಾಜಿನಲ್ಲಿ ಬಲಕ್ಕೆ ಹೋಗುತ್ತಿತ್ತು. ಅವನು ತಲೆ ಎತ್ತಿ ಒಂಟೆಯನ್ನು ನೋಡಿದ, ಮತ್ತೆ ಗಾಜನ್ನು ನೋಡಿದ, ಓಡಿಹೋಗಿ ಅಜ್ಜನನ್ನು ಕರೆತಂದ. ಅಜ್ಜನೂ ಇಣುಕಿ ನೋಡಿ ನಕ್ಕು, ಏಲಕ್ಕಿ ಹಾಕಿದ ಕಾಫಿ ಮತ್ತು ಖರ್ಜೂರ ತರಿಸಿದರು. ಒಂದು ತಾಸಿನ ಮೇಲೆ ತಾವಾಗಿಯೇ ಹೋಗಿ ಬನ್ನಿ ಮರದ ನೆರಳಿನಲ್ಲಿ ಕುಳಿತು, ತಲೆಯ ವಸ್ತ್ರ ಸರಿಪಡಿಸಿಕೊಂಡು, ಇನ್ನು ತೆಗೆ ಎಂಬಂತೆ ಕೈಮಾಡಿದರು. ಹುಡುಗನ ತಾಯಿಯ ಚಿತ್ರವನ್ನು ನಾನು ಕೇಳಲಿಲ್ಲ.

ಯಾಶಿಕಾದ ಬೆಳಕು ಅಳೆಯುವ ಮೀಟರು ಸತ್ತಿದೆ. ಅದಕ್ಕೆ ಬೇಕಾದ ಪಾದರಸದ ಸೆಲ್ಲು ಈಗ ತಯಾರಾಗುವುದಿಲ್ಲ. ಹಾಗಾಗಿ ನೀವು ಕಲಿಸಿದ ಕೈಲೆಕ್ಕವೇ ಗತಿ. ನಾನೂರರ ಫಿಲ್ಮಿಗೆ ಬಯಲು ಬಿಸಿಲಿನಲ್ಲಿ ಐನೂರನೇ ಒಂದು ಸೆಕೆಂಡು, ಲೆನ್ಸಿಗೆ ಹದಿನಾರರ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಮರಳು ಹಿಮದಂತೆ ಬೆಳಕನ್ನು ಹಿಂದಕ್ಕೆ ಎಸೆಯುವಲ್ಲಿ ಇಪ್ಪತ್ತೆರಡು. ಲೆಕ್ಕ ಎಲ್ಲ ಕಡೆ ಸರಿಹೋಯಿತು, ಒಂದು ಕಡೆ ಮಾತ್ರ ತಪ್ಪಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ರಾತ್ರಿಯಾದ ಮೇಲೆ ಯಾಶಿಕಾ ನಿರುಪಯೋಗಿ. ಬೆಂಕಿಯ ಸುತ್ತ ಕೂತ ಮುಖಗಳಿಗೂ ದಿಬ್ಬದ ಮೇಲಿನ ನಕ್ಷತ್ರಗಳಿಗೂ ಡಿಜಿಟಲ್ಲೇ ಬೇಕಾಯಿತು. ಮಂದ ಬೆಳಕನ್ನೂ ಹಿಡಿಯುವ ಅದರ ಆರು ಸಾವಿರದ ನಾನೂರರ ವೇಗ ನಿಮ್ಮ ಕಾಲದ ಫಿಲ್ಮಿಗೆ ಕನಸಿನಲ್ಲೂ ಇರಲಿಲ್ಲವಲ್ಲ. ಆ ಗಡಿಬಿಡಿಯಲ್ಲಿ ಯಾಶಿಕಾದ ಚರ್ಮದ ಚೀಲವನ್ನು ಮುಚ್ಚದೆ ಬಿಟ್ಟದ್ದೇ ತಪ್ಪಾಯಿತು. ಬೆಳಗಾಗುವಷ್ಟರಲ್ಲಿ ಗಾಳಿ ಎದ್ದು, ಹಿಟ್ಟಿನಂಥ ಮರಳು ಎಲ್ಲದರೊಳಗೂ ನುಗ್ಗಿತ್ತು. ಶಟರು ನಿಧಾನದ ವೇಗಗಳಲ್ಲಿ ತೆರೆದರೆ ಮುಚ್ಚಲೊಲ್ಲದು.

ಈ ಕಾರಣಕ್ಕೆ, ತೊಳೆಯದ ಎರಡು ರೀಲುಗಳನ್ನೂ ಕೆಟ್ಟ ಕ್ಯಾಮರಾವನ್ನೂ ಹಿಡಿದು ಮುಂಬಯಿಗೆ ಹಾರಿದೆ. ರೀಲುಗಳನ್ನು ಎಕ್ಸ್‌-ರೇ ಯಂತ್ರಕ್ಕೆ ಹಾಕಿದರೆ ಮಬ್ಬಾಗುತ್ತವೆ, ಕೈಯಲ್ಲೇ ಪರೀಕ್ಷಿಸಿರೆಂದು ವಿಮಾನ ನಿಲ್ದಾಣದಲ್ಲಿ ಬೇಡಿಕೊಂಡಾಗ, ಅಲ್ಲಿನ ತರುಣ ಸಿಬ್ಬಂದಿ ಅದನ್ನು ಔಷಧಿಯೆಂದು ಭಾವಿಸಿ ಮೂಸಿ ನೋಡಿದ. ಇಳಿದುಕೊಂಡದ್ದು ಮಾಟುಂಗಾದಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ನಿನ ಮುಂದೆ ಹಾದುಹೋಗುವಾಗ ಚಿಕ್ಕಪ್ಪ ಹೇಳಿದ್ದು: ರಸ್ತೆಗೆ ಹೆಸರು ಕೊಟ್ಟ ಡಾಕ್ಟರ್ ಭಾವು ದಾಜಿಯವರ ತಮ್ಮ ನಾರಾಯಣ ದಾಜಿಯವರೂ ಡಾಕ್ಟರೇ, ಮುಂಬಯಿಯಲ್ಲಿ 1854ರಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ ಕಾಲದಲ್ಲೇ ಕ್ಯಾಮರಾ ಹಿಡಿದ ಮೊದಲ ಭಾರತೀಯರಲ್ಲಿ ಒಬ್ಬರು. ನೀವು ಅದೇ ರಸ್ತೆಯಲ್ಲಿ ಎಷ್ಟು ವರ್ಷ ಓಡಾಡಿದವರು!

ರಿಪೇರಿಯವರು ಸಿಕ್ಕಿದ್ದು ನೀವು ಹೇಳಿದ್ದ ಬೋರಾ ಬಜಾರಿನಲ್ಲೇ. ಅರವತ್ತು ದಾಟಿದ ಮನುಷ್ಯ. ಬಿಳಿಯ ಕಾಗದ ಹಾಸಿ, ಲೆನ್ಸಿನ ಮುಂಬದಿ ಬಿಚ್ಚಿ, ಮೆಲ್ಲಗೆ ತಟ್ಟಿದಾಗ ಒಂದು ಚಿಟಿಕೆ ಮರಳು ಉದುರಿತು. ಹಳೆಯ ಗ್ರೀಸು ಒಣಗಿ ಅಂಟಾಗಿದ್ದಲ್ಲಿಗೆ ಮರಳು ಕೂತಿದೆ, ಎರಡು ದಿನ ಬಿಟ್ಟು ಬನ್ನಿ ಎಂದರು. ಇಂಥ ಕ್ಯಾಮರಾವನ್ನು ಮರಳಿಗೆ ಒಯ್ದವನನ್ನು ಬೈಯುವ ಹಕ್ಕು ಅವರಿಗಿತ್ತು. ಅವರೂ ನಿಮ್ಮಂತೆಯೇ ಸುಮ್ಮನಿದ್ದರು.

ಆ ಎರಡು ದಿನ ಡಿಜಿಟಲ್ ಹಿಡಿದು ಬೀದಿ ಅಲೆದೆ. ನಸುಕಿನಲ್ಲಿ ಮಾಟುಂಗಾದ ಹೂವಿನ ಸಾಲು, ಹನ್ನೊಂದರ ಮೇಲೆ ಚರ್ಚ್‌ಗೇಟಿನಲ್ಲಿ ತಲೆಯ ಮೇಲೆ ಉದ್ದನೆಯ ಹಲಗೆ ಹೊತ್ತು ಓಡುವ ಡಬ್ಬಾವಾಲರು, ಮಧ್ಯಾಹ್ನ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ಬೆಲ್ಟು, ಪೆನ್ನು, ಕನ್ನಡಕ ಮಾರುವವರು. ಯಾರೊಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರ ಕೈಯಲ್ಲೂ ಫೋನಿರುವ ಊರಿನಲ್ಲಿ ಸಣ್ಣ ಕ್ಯಾಮರಾ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೆಯ ದಿನ ಯಾಶಿಕಾ ಕೈಸೇರಿತು. ನೀವು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಸ್ಟುಡಿಯೋದ ಕತ್ತಲಕೋಣೆ ಸೇರಿದ ಫೋರ್ಟಿನ ಗಲ್ಲಿಗಳನ್ನು ನಿಮ್ಮ ಕ್ಯಾಮರಾದಲ್ಲೇ ತೆಗೆಯಬೇಕೆಂದು ನನ್ನ ಆಸೆಯಾಗಿತ್ತು. ಹಳೆಯ ಬೀದಿಗೆ ಹಳೆಯ ಕ್ಯಾಮರಾ ಹೊಂದುತ್ತದೆ ಎಂದುಕೊಂಡಿದ್ದೆ. ಆದದ್ದು ತದ್ವಿರುದ್ಧ. ಮುಚ್ಚಳ ತೆರೆದರೆ ಸಾಕು, ಸುತ್ತ ಜನ. ಇದು ವಿಡಿಯೋವೋ, ಎಷ್ಟಕ್ಕೆ ಮಾರುತ್ತೀರಿ, ಇದಕ್ಕೆ ರೀಲು ಸಿಗುತ್ತದೆಯೇ ಎಂಬ ಪ್ರಶ್ನೆಗಳು. ಲೆಕ್ಕ ತಪ್ಪಿದಾಗ ನಾನು ಕನ್ನಡದಲ್ಲಿ ಗೊಣಗಿದ್ದನ್ನು ಕೇಳಿದ ಹೋಟೆಲಿನ ಹುಡುಗನೊಬ್ಬ, "ಊರ್ ಎಲ್ಲಾಯ್ತ್?" ಎಂದು ಹೊರಗೆ ಬಂದ, ಬೈಂದೂರಿನವನಂತೆ. ಅವನನ್ನೂ ಅವನ ಇಬ್ಬರು ಜೊತೆಗಾರರನ್ನೂ ಸಾಲಾಗಿ ನಿಲ್ಲಿಸಿ ಒಂದು ಫೋಟೊ ತೆಗೆಯದೆ ಬಿಡುಗಡೆ ಸಿಗಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಫೋಟೊಗಳಲ್ಲಿ ಬೀದಿಯೇ ಇಲ್ಲ, ನಿಮ್ಮ ಸ್ಟುಡಿಯೋ ಪರದೆಯ ಮುಂದೆ ನಿಂತಂತೆ ನಿಂತ ಜನ ಮಾತ್ರ ಇದ್ದಾರೆ. ಒಂದು ರೀಲಿಗೆ ಸಾವಿರ ರೂಪಾಯಿಯ ಆಸುಪಾಸು ಬೆಲೆಯಿರುವ ಕಾಲದಲ್ಲಿ ಇದು ನಷ್ಟವೆಂದೇ ಅನ್ನಿಸಿತ್ತು. ತೊಳೆದು ನೋಡಿದ ಮೇಲೆ ಆ ಹೋಟೆಲಿನ ಮೂವರು ಹುಡುಗರ ಚಿತ್ರವನ್ನು ನಾನು ಯಾರಿಗೂ ಕೊಡಲಾರೆ. ಆದರೂ ಬೀದಿಗೆ ಡಿಜಿಟಲ್ಲೇ ಸರಿ, ಯಾಶಿಕಾಗೆ ಬೇಕಾದ ಪುರುಸೊತ್ತು ಮರಳುಗಾಡಿನಲ್ಲಿದೆ ಎಂಬುದು ನನ್ನ ಈಗಿನ ತೀರ್ಮಾನ. ನೀವು ಒಪ್ಪಲಾರಿರಿ.

ನಿಮ್ಮ ಸ್ಟುಡಿಯೋ ಇದ್ದ ಮಹಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಮರದ ಏಣಿಮೆಟ್ಟಿಲು ಹಾಗೆಯೇ ಇದೆ. ಅದರ ಫೋಟೊದ ಒಂದು ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ.

ಇನ್ನು ತಪ್ಪಿದ ಲೆಕ್ಕದ ವಿಷಯ. ಮರಳುಗಾಡಿನ ಎರಡನೆಯ ರೀಲಿನ ಏಳನೆಯ ಚಿತ್ರವೇ ಬನ್ನಿ ಮರದ ಕೆಳಗೆ ಕುಳಿತ ಅಜ್ಜನದು. ನೆರಳಿಗೆ ಕಿಂಡಿಯನ್ನು ಐದೂವರೆಯ ಹತ್ತಿರಕ್ಕೆ ತೆರೆಯಬೇಕಾಗಿತ್ತು. ಕಾಫಿಯ ಸಂಭ್ರಮದಲ್ಲಿ ಹದಿನಾರರಲ್ಲೇ ಬಿಟ್ಟಿದ್ದೆ. ನೆಗೆಟಿವ್ ತೀರಾ ತೆಳುವಾಗಿದೆ. ಹಿಂದಿನ ಮರಳು ಚೆನ್ನಾಗಿ ಬಂದಿದೆ, ಮುಖ ಕಂಡೂ ಕಾಣದಂತಿದೆ. ಕಪ್ಪು ಬಿಳುಪಿನ ಅಂತರ ಹೆಚ್ಚಿಸುವ ಗಡಸು ಕಾಗದದಲ್ಲಿ, ನಾಲ್ಕನೆಯ ಗ್ರೇಡಿನಲ್ಲಿ, ಮುಖದ ಮೇಲೆ ಕೈಯಾಡಿಸಿ ಬೆಳಕು ತಡೆದು ಪ್ರಿಂಟು ಹಾಕಿದರೆ ಅಜ್ಜನ ಕಣ್ಣು ಬಂದೀತೇ? ಅವರಿಗೊಂದು ಪ್ರತಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಸ್ಕ್ಯಾನ್ ಮಾಡಿಸಿ ನೋಡಿದೆ, ಸಮಾಧಾನವಾಗಲಿಲ್ಲ. ನೆಗೆಟಿವಿನಿಂದ ದೊಡ್ಡ ಪ್ರಿಂಟು ಹಾಕುವ ಅಟ್ಟದ ಮೇಲಿನ ಎನ್‌ಲಾರ್ಜರಿನ ಬಲ್ಬು ಇನ್ನೂ ಉರಿಯುತ್ತದೆಯೇ ಎಂದು ಅಣ್ಣನಿಂದ ನೋಡಿಸಿ ತಿಳಿಸಿ. ನೆಗೆಟಿವನ್ನು ಅಂಚೆಗೆ ಹಾಕುವುದಿಲ್ಲ; ಏಪ್ರಿಲ್ ಮೊದಲ ವಾರಕ್ಕೆ ಹತ್ತು ದಿನದ ರಜೆ ಬರೆದುಕೊಟ್ಟಿದ್ದೇನೆ, ಈ ಸಲ ನೇರವಾಗಿ ಮಂಗಳೂರಿಗೇ ಇಳಿಯುತ್ತೇನೆ. ಪ್ರಿಂಟು ತೊಳೆಯುವ ಹೈಪೋ ರಾಸಾಯನಿಕ ಮತ್ತು ಕಾಗದವನ್ನು ನಾನೇ ತರುತ್ತೇನೆ.

ಅಮ್ಮನಿಗೆ ನಮಸ್ಕಾರಗಳು.

ಇತಿ,
ನಿಮ್ಮ ಆಜ್ಞಾಧಾರಕ
ಕಿರಿಮಗ