ಗೆಳೆಯನಿಗೊಂದು ಪತ್ರ: ಮಾಫಿಗೆ ಅರ್ಜಿ ಹಾಕಿ ಕಾಯ್ತಿರೋರ ಬಗ್ಗೆ

ಲೋ ಸೀನ,

ಹೇಗಿದೀಯೋ, ಅಮ್ಮನ ಮೊಣಕಾಲು ನೋವು ಕಮ್ಮಿ ಆಯ್ತಾ? ಹೋದ ಭಾನುವಾರ ಫೋನಲ್ಲಿ ನೀನು ಕೇಳಿದ ಪ್ರಶ್ನೆ ತಲೇಲೇ ಕೂತ್ಬಿಟ್ಟಿದೆ. "ಅಲ್ಲ ಕಣೋ, ಕೋರ್ಟು ನಲವತ್ತೈದು ವರ್ಷ ಜೈಲು ಅಂತ ಬರೆದೋನನ್ನ ನಿಮ್ಮ ಅಮೆರಿಕದ ಪ್ರೆಸಿಡೆಂಟು ಒಂದು ಸೈನ್ ಹಾಕಿ ಮನೆಗೆ ಕಳಿಸ್ಬಹುದಾ, ಯಾರೂ ಕೇಳೋರೇ ಇಲ್ವಾ?" ಅಂದೆ. ನಾನಾಗ ಅಂಗಡಿ ಪಾರ್ಕಿಂಗಲ್ಲಿದ್ದೆ, ಹೂಂ ಕಳಿಸ್ಬಹುದು ಅಂತಷ್ಟೇ ಹೇಳಿ ಇಟ್ಟೆ. ಆದ್ರೆ ಈ ವಿಷಯ ನಂಗೀಗ ಬರೀ ಪೇಪರ್ ಸುದ್ದಿ ಆಗಿ ಉಳಿದಿಲ್ಲ, ಪಕ್ಕದ ಮನೆವರೆಗೂ ಬಂದಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಹದಿನೆಂಟು ವರ್ಷದಿಂದ ಮಂಡ್ಯ ಕೋರ್ಟಲ್ಲಿ ಕರಿಕೋಟು ಹಾಕ್ಕೊಂಡು ಓಡಾಡ್ತಿರೋ ನಿಂಗೆ ನಾನು ಕಾನೂನು ಹೇಳೋದಲ್ಲ, ಇಲ್ಲಿನ ಪದ್ಧತಿ ಬೇರೆ ಇದೆ ಅಂತ ಹೇಳ್ತಿದೀನಿ ಅಷ್ಟೇ.

ನಮ್ಮಲ್ಲಿ 72ನೇ ವಿಧಿ ಪ್ರಕಾರ ರಾಷ್ಟ್ರಪತಿಗಳು ಕ್ಷಮಾದಾನ ಕೊಟ್ರೂ ಅದು ಮಂತ್ರಿಮಂಡಲದ ಸಲಹೆ ಮೇಲೆ ತಾನೇ, ಆಮೇಲೆ ಸ್ವಲ್ಪ ಮಟ್ಟಿಗೆ ಕೋರ್ಟೂ ನೋಡಬಹುದು. ಇಲ್ಲಿ ಅದ್ಯಾವುದೂ ಇಲ್ಲ. ಸಂವಿಧಾನದ ಎರಡನೇ ಆರ್ಟಿಕಲಲ್ಲಿ ಸಣ್ಣ ಸಾಲೊಂದಿದೆ, ಫೆಡರಲ್ ಅಪರಾಧ, ಅಂದ್ರೆ ಕೇಂದ್ರ ಸರ್ಕಾರದ ಕಾನೂನಿನಡಿ ಬರೋ ಅಪರಾಧ, ಯಾವುದಾದ್ರೂ ಪ್ರೆಸಿಡೆಂಟು ಮಾಫಿ ಮಾಡಬಹುದು, ಇಂಪೀಚ್‌ಮೆಂಟ್ (ಅಧಿಕಾರದಿಂದ ಇಳಿಸೋಕೆ ಸದನದಲ್ಲಿ ನಡೆಯೋ ವಿಚಾರಣೆ) ಒಂದನ್ನ ಬಿಟ್ಟು. ಯಾರ ಸಲಹೆನೂ ಬೇಕಿಲ್ಲ, ಕಾರಣನೂ ಕೊಡಬೇಕಿಲ್ಲ, ಕೇಸು ಹಾಕೋಕೆ ಮುಂಚೆನೇ ಕೊಡಬಹುದು ಅಂತ ಸುಪ್ರೀಂ ಕೋರ್ಟು 1867ರಲ್ಲೇ ಹೇಳಿದೆ. ಸ್ಟೇಟ್ ಕೋರ್ಟಲ್ಲಿ ಆದ ಶಿಕ್ಷೆ ಮಾತ್ರ ಪ್ರೆಸಿಡೆಂಟ್ ಕೈಗೆ ಸಿಗಲ್ಲ. ಇದರಲ್ಲಿ ಮುಖ್ಯವಾಗಿ ಎರಡು ಥರ: ಪಾರ್ಡನ್ ಅಂದ್ರೆ ಪೂರ್ತಿ ಮಾಫಿ, ಕಮ್ಯುಟೇಶನ್ ಅಂದ್ರೆ ಶಿಕ್ಷೆ ಕಮ್ಮಿ ಮಾಡಿ ಹೊರಗೆ ಬಿಡೋದು, ಅಪರಾಧಿ ಅನ್ನೋ ಹಣೆಪಟ್ಟಿ ಹಾಗೇ ಉಳಿಯುತ್ತೆ.

ಆ ಹಣೆಪಟ್ಟಿ ಏನು ಅಂತ ನಂಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಹೆಸರು ಬೇಡ. ಅರವತ್ತು ದಾಟಿದೆ, ಕಪ್ಪು ಜನಾಂಗದವರು, ಚಳಿಗಾಲದಲ್ಲಿ ಬೀದಿಯವರ ಮನೆ ಹೀಟರ್ ಕೆಟ್ರೆ ರಾತ್ರಿ ಹನ್ನೊಂದಕ್ಕೂ ಟೂಲ್ ಬಾಕ್ಸ್ ಹಿಡ್ಕೊಂಡು ಬರೋರು. ನನ್ನ ಮಗಳು ಹುಟ್ಟಿದ ವಾರ ನಮ್ಮನೆ ಹೀಟರ್ ನಿಂತಿತ್ತಲ್ಲ, ಆಗ ಬಂದು ಸರಿ ಮಾಡಿದ್ದು ಇವರೇ. ತೊಂಬತ್ತರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಮಾರಿದ ಕೇಸಲ್ಲಿ ಒಳಗೆ ಹೋದೋರು. ತಪ್ಪು ಮಾಡಿದೀನಿ ಅಂತ ಅವರೇ ಹೇಳ್ತಾರೆ. ಆದ್ರೆ ಆಗಿನ ಕಾನೂನು ನೋಡು, 1986ರಲ್ಲಿ ಮಾಡಿದ್ದು, ಪುಡಿ ಕೊಕೇನ್ 500 ಗ್ರಾಂ ಇಟ್ಕೊಂಡೋನಿಗೆ ಕನಿಷ್ಠ ಐದು ವರ್ಷ, ಕ್ರ್ಯಾಕ್ ಆದ್ರೆ ಐದೇ ಗ್ರಾಮಿಗೆ ಅದೇ ಐದು ವರ್ಷ. ಅದೇ ಮಾಲು ಕಣೋ, ಕಾಯಿಸಿದ್ದು ಕಾಯಿಸದೇ ಇರೋದು ಅಷ್ಟೇ ವ್ಯತ್ಯಾಸ. ಕ್ರ್ಯಾಕ್ ಕೇಸಲ್ಲಿ ಜೈಲಿಗೆ ಹೋದೋರಲ್ಲಿ ಹೆಚ್ಚಿನವರು ಕಪ್ಪು ಜನ. ನೂರಕ್ಕೆ ಒಂದು ಅನ್ನೋ ಆ ಲೆಕ್ಕ 2010ರಲ್ಲಿ ಹದಿನೆಂಟಕ್ಕೆ ಒಂದು ಆಯ್ತು, ಆದ್ರೆ ಅಷ್ಟೊತ್ತಿಗೆ ಒಳಗೆ ಇದ್ದೋರಿಗೆ ಅದು ಅನ್ವಯ ಆಗಲಿಲ್ಲ, 2018ರ ತನಕ ಕಾಯಬೇಕಾಯ್ತು. ಆ ಮಧ್ಯದಲ್ಲಿ ಅವರಿಗಿದ್ದ ದಾರಿ ಒಂದೇ, ಪ್ರೆಸಿಡೆಂಟ್ ಹತ್ರ ಬೇಡೋದು. ಒಬಾಮ 2014ರಲ್ಲಿ ಇಂಥೋರಿಗೆ ಅಂತಲೇ ಒಂದು ಯೋಜನೆ ಮಾಡಿದ್ರು, ಎಂಟು ವರ್ಷದಲ್ಲಿ 33 ಸಾವಿರಕ್ಕೂ ಹೆಚ್ಚು ಕಮ್ಯುಟೇಶನ್ ಅರ್ಜಿ ಬಂದು 1,715 ಜನಕ್ಕೆ ಶಿಕ್ಷೆ ಕಡಿಮೆ ಆಯ್ತು. ಅದರಲ್ಲಿ ನಮ್ಮ ಪಕ್ಕದ ಮನೆಯವರೂ ಒಬ್ಬರು, 2016ರಲ್ಲಿ. ಆಗ ಬಂದ ಕಾಗದ ಇನ್ನೂ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೈಬಲ್ ಒಳಗೆ ಇಟ್ಟಿದಾರೆ.

ಹೊರಗೇನೋ ಬಂದ್ರು. ಆದ್ರೆ ಎಲ್ಲಿ ಕೆಲಸಕ್ಕೆ ಹೋದ್ರೂ, ಮನೆ ಬಾಡಿಗೆಗೆ ಕೇಳಿದ್ರೂ, ಫಾರಂನಲ್ಲಿ ಒಂದು ಕಾಲಂ, ಹಿಂದೆ ಅಪರಾಧ ಸಾಬೀತಾಗಿದೆಯಾ ಅಂತ. ಅದಕ್ಕೆ ಪೂರ್ತಿ ಪಾರ್ಡನ್‌ಗೆ ಅರ್ಜಿ ಹಾಕಬೇಕು ಅಂತ ಅವರ ಆಸೆ. ಬಿಡುಗಡೆ ಆಗಿ ಐದು ವರ್ಷ ಕಳೆದಿರಬೇಕು ಅನ್ನೋದು ನಿಯಮ, ಕಳೆದಿದೆ. ಸಂಬಂಧಿಕರಲ್ಲದ ಮೂರು ಜನ ಇವರ ನಡತೆ ಬಗ್ಗೆ ಅಫಿಡವಿಟ್ ಕೊಡಬೇಕು, ಅದರಲ್ಲಿ ನಾನೊಬ್ಬ. ಒಂದು ಶನಿವಾರ ಅವರ ಅಡುಗೆಮನೆ ಟೇಬಲ್ ಮುಂದೆ ಕೂತಿದ್ವಿ. ಮಾಡಿದ ಅಪರಾಧನ ನಿಮ್ಮ ಮಾತಲ್ಲೇ ವಿವರಿಸಿ ಅಂತ ಫಾರಂನಲ್ಲಿ ಕೇಳ್ತಾರೆ. ಅವರು ಅದನ್ನ ಪೆನ್ಸಿಲಲ್ಲಿ ಮೂರು ಸಲ ಬರೆದು ಅಳಿಸಿದ್ರು. ಮೊದಲನೇ ಸಲ ಕೆಲಸ ಹೋಗಿತ್ತು, ಮನೇಲಿ ಮಗು ಇತ್ತು ಅಂತ ಬರೆದಿದ್ರು, ಆಮೇಲೆ ಅದನ್ನ ಅವರೇ ಹೊಡೆದು ಹಾಕಿದ್ರು, ನೆಪ ಹೇಳಿದ ಹಾಗಾಗುತ್ತೆ ಅಂತ. ರಬ್ಬರಿನ ಚೂರು ಟೇಬಲ್ ತುಂಬಾ, ಕೈಯಲ್ಲಿ ಒರೆಸಿ ಒರೆಸಿ ಮತ್ತೆ ಬರೀತಿದ್ರು. ಕೊನೆಗೆ ಉಳಿದಿದ್ದು ನಾಲ್ಕೇ ಸಾಲು. ಆ ನಾಲ್ಕು ಸಾಲನ್ನ ನಾನು ಓದಿದೀನಿ ಸೀನ, ನನ್ನ ಜೀವನದ ಯಾವ ತಪ್ಪನ್ನೂ ನಾನು ಅಷ್ಟು ನೇರವಾಗಿ ಬರೆದು ಕೊಟ್ಟಿಲ್ಲ. ನೋಟರಿ ಹತ್ರ ಹೋಗಿ ಸೈನ್ ಹಾಕಿ ಬಂದ್ವಿ.

ಈಗ ನೀನು ಕೇಳಿದ ಆ ನಲವತ್ತೈದು ವರ್ಷದವನ ಕಥೆಗೆ ಬರ್ತೀನಿ. ಹುವಾನ್ ಒರ್ಲಾಂಡೊ ಹೆರ್ನಾಂಡೆಸ್, ಹೊಂಡುರಾಸ್ ದೇಶದ ಹಳೇ ಪ್ರೆಸಿಡೆಂಟು. ಅಧಿಕಾರದಲ್ಲಿದ್ದಾಗ ಡ್ರಗ್ ಸಾಗಿಸೋರಿಗೆ ರಕ್ಷಣೆ ಕೊಟ್ಟು ಕಡಿಮೆ ಅಂದ್ರೂ 400 ಟನ್ ಕೊಕೇನ್ ಅಮೆರಿಕಕ್ಕೆ ಬರೋಕೆ ನೆರವಾದ ಅನ್ನೋದು ಸರ್ಕಾರಿ ವಕೀಲರ ವಾದ, ನ್ಯೂಯಾರ್ಕಲ್ಲಿ ಜ್ಯೂರಿ ಅಪರಾಧಿ ಅಂತು, 2024ರ ಜೂನಲ್ಲಿ 45 ವರ್ಷ ಶಿಕ್ಷೆ ಆಯ್ತು. 2025ರ ಡಿಸೆಂಬರ್ ಶುರುವಲ್ಲಿ ಟ್ರಂಪ್ ಪಾರ್ಡನ್ ಕೊಟ್ಟು ಬಿಡಿಸಿದ್ರು, ಬೈಡನ್ ಕಾಲದವರು ರಾಜಕೀಯಕ್ಕೆ ಸಿಕ್ಕಿಸಿದ ಕೇಸು ಅದು ಅನ್ನೋದು ಅವರ ಮಾತು. ಟನ್ ಲೆಕ್ಕದವನು ಶಿಕ್ಷೆ ಆಗಿ ಎರಡು ವರ್ಷವೂ ಆಗದೆ ಪೂರ್ತಿ ಮಾಫಿ ತಗೊಂಡು ಹೋದ, ಗ್ರಾಂ ಲೆಕ್ಕದವರು ಇಪ್ಪತ್ತು ವರ್ಷದ ಹತ್ತಿರ ಒಳಗಿದ್ದು ಬಂದು ಇನ್ನೂ ಮಾಫಿಗೆ ಕಾಯ್ತಾ ಇದಾರೆ. ಆ ಸುದ್ದಿ ಬಂದ ದಿನ ಬೇಲಿ ಹತ್ರ ಸಿಕ್ಕಾಗ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಎಲೆ ಗುಡಿಸ್ತಾ ಇದ್ರು, ನಂಗೇ ಮುಖ ಕೊಟ್ಟು ಮಾತಾಡೋಕೆ ಆಗಲಿಲ್ಲ.

ಈ ಅಧಿಕಾರ ದಾರಿ ತಪ್ಪಬಹುದು ಅಂತ ಮೊದಲೇ ಹೇಳಿದೋರು ಇದ್ರು ಗೊತ್ತಾ. ಹೊಸ ಸಂವಿಧಾನ ಒಪ್ಪಬೇಕಾ ಬೇಡವಾ ಅಂತ ಸಭೆ ನಡೀತಿದ್ದಾಗ ವರ್ಜೀನಿಯಾದ ಜಾರ್ಜ್ ಮೇಸನ್ 1788ರಲ್ಲೇ ಎದ್ದು ನಿಂತು ಕೇಳಿದ್ರು, ಪ್ರೆಸಿಡೆಂಟು ತಾನೇ ಹೇಳಿ ಮಾಡಿಸಿದ ಅಪರಾಧನ ತಾನೇ ಮಾಫಿ ಮಾಡಿಬಿಟ್ರೆ ಏನು ಗತಿ ಅಂತ. ಅಂಥೋನನ್ನ ಇಂಪೀಚ್ ಮಾಡಬಹುದಲ್ಲ ಅಂತ ಸಂವಿಧಾನ ಬರೆದೋರಲ್ಲಿ ಒಬ್ಬರಾದ ಮ್ಯಾಡಿಸನ್ ಉತ್ತರ ಕೊಟ್ರು. ಆ ಉತ್ತರ ನಿಂತಿದ್ದು ಕಾಂಗ್ರೆಸ್ಸಲ್ಲಿರೋರು (ಇಲ್ಲಿನ ಪಾರ್ಲಿಮೆಂಟಿಗೆ ಅದೇ ಹೆಸರು) ಪಾರ್ಟಿಗಿಂತ ದೇಶ ದೊಡ್ಡದು ಅಂದ್ಕೊಂಡಿರ್ತಾರೆ ಅನ್ನೋ ನಂಬಿಕೆ ಮೇಲೆ. ಅದೇ ಕಾಲದ ಇನ್ನೊಬ್ಬ ನಾಯಕ ಹ್ಯಾಮಿಲ್ಟನ್ ಕೂಡ ಈ ಅಧಿಕಾರನ ಸಮರ್ಥಿಸಿದ್ರು, ಕಾನೂನು ಎಷ್ಟೇ ಒಳ್ಳೇದಿದ್ರೂ ಕೆಲವು ದುರದೃಷ್ಟವಂತರಿಗೆ ಅದು ತುಂಬಾ ಕ್ರೂರ ಆಗುತ್ತೆ, ಅಂಥೋರಿಗೆ ಬಾಗಿಲು ಇರಬೇಕು ಅಂತ. ನಂಗೆ ಹ್ಯಾಮಿಲ್ಟನ್ ಮಾತೇ ಸರಿ ಅನ್ಸುತ್ತೆ, ಈಗಲೂ. ಆ ಬಾಗಿಲು ಯಾರಿಗೆ ಇಟ್ಟಿದ್ದೋ ಅವರು ಹೊರಗೆ ನಿಂತಿದಾರೆ ಅನ್ನೋದೇ ನನ್ನ ಸಂಕಟ.

ಎಲ್ಲರೂ ಉದಾಹರಣೆ ಕೊಡೋದು ಫೋರ್ಡ್ ನಿಕ್ಸನ್ ಕಥೆ. ಎದುರು ಪಾರ್ಟಿ ಆಫೀಸಿಗೆ ನುಗ್ಗಿದ ವಾಟರ್‌ಗೇಟ್ ಗಲಾಟೆಯಲ್ಲಿ ಆಗಿನ ಪ್ರೆಸಿಡೆಂಟ್ ನಿಕ್ಸನ್ 1974ರ ಆಗಸ್ಟ್ 9ಕ್ಕೆ ರಾಜೀನಾಮೆ ಕೊಟ್ರು, ಸರಿಯಾಗಿ ಒಂದು ತಿಂಗಳು ಆಗಿತ್ತು, ಸೆಪ್ಟೆಂಬರ್ 8, ಭಾನುವಾರ ಬೆಳಗ್ಗೆ ಅವರ ಜಾಗಕ್ಕೆ ಬಂದಿದ್ದ ಫೋರ್ಡ್ ಚರ್ಚಿಗೆ ಹೋಗಿ ಬಂದು ಟಿವಿ ಮುಂದೆ ಕೂತು ನಿಕ್ಸನ್ನಿಗೆ ಪೂರ್ತಿ ಮಾಫಿ ಅಂತ ಓದಿದ್ರು. ಇನ್ನೂ ಚಾರ್ಜ್‌ಶೀಟೇ ಆಗಿರಲಿಲ್ಲ. ಫೋರ್ಡ್ ಅವರ ಪ್ರೆಸ್ ಸೆಕ್ರೆಟರಿ ಟೆರ್‌ಹಾರ್ಸ್ಟ್ ಅವತ್ತೇ ರಾಜೀನಾಮೆ ಕೊಟ್ಟರು, ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದ ಹುಡುಗರಿಗೆ ಇಲ್ಲದ ಮಾಫಿ ಇವರಿಗೆ ಹೇಗೆ ಅಂತ. ಎರಡು ವರ್ಷ ಆದಮೇಲೆ ಫೋರ್ಡ್ ಚುನಾವಣೆ ಸೋತ್ರು, ಗೆದ್ದು ಬಂದ ಕಾರ್ಟರ್ ಅಧಿಕಾರಕ್ಕೆ ಬಂದ ಮಾರನೇ ದಿನವೇ, 1977ರ ಜನವರಿ 21ಕ್ಕೆ, ಆ ಹುಡುಗರಿಗೂ ಮಾಫಿ ಕೊಟ್ರು. 2001ರಲ್ಲಿ ಕೆನಡಿ ಹೆಸರಲ್ಲಿರೋ ಧೈರ್ಯದ ಪ್ರಶಸ್ತಿ ಫೋರ್ಡ್‌ಗೆ ಸಿಕ್ತು, ಈಗ ಬಹಳ ಜನ ಅವತ್ತು ಅವರು ಮಾಡಿದ್ದೇ ಸರಿ ಅಂತಾರೆ. ನಾನು ಒಪ್ಪಲ್ಲ, ದೊಡ್ಡವರ ಮೇಲೆ ವಿಚಾರಣೆನೇ ನಡೆಯಲ್ಲ ಅನ್ನೋ ಅಭ್ಯಾಸ ಅಲ್ಲಿಂದಲೇ ಗಟ್ಟಿ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಆದ್ರೂ ಫೋರ್ಡ್ ಬಗ್ಗೆ ಒಂದು ಗೌರವ ಇದೆ. 1974ರ ಅಕ್ಟೋಬರಲ್ಲೇ ತಾವೇ ಹೋಗಿ ಕಾಂಗ್ರೆಸ್ ಸಮಿತಿ ಮುಂದೆ ಕೂತು ಯಾಕೆ ಕೊಟ್ಟೆ ಅಂತ ಉತ್ತರ ಕೊಟ್ರು, ನಿಕ್ಸನ್ ಜೊತೆ ಒಳಒಪ್ಪಂದ ಏನೂ ಇರಲಿಲ್ಲ ಅಂತ ಮುಖಾಮುಖಿ ಹೇಳಿದ್ರು, ಆಮೇಲೆ ಜನರ ಮುಂದೆ ವೋಟು ಕೇಳೋಕೂ ಹೋದ್ರು.

ಆಮೇಲಿನವರು ಏನು ಮಾಡಿದ್ರು ಅಂದ್ರೆ ಮನೆ ಖಾಲಿ ಮಾಡೋ ಹೊತ್ತಿಗೆ ಸೈನ್ ಹಾಕೋದು ಕಲಿತ್ರು. ದೊಡ್ಡ ಬುಷ್ಷು 1992ರ ಕ್ರಿಸ್‌ಮಸ್ ಹಿಂದಿನ ದಿನ, ಆಗಲೇ ಚುನಾವಣೆ ಸೋತು, ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಇರಾನ್-ಕಾಂಟ್ರಾ ಕೇಸಿನ, ಹಿಂದೆ ರಕ್ಷಣಾ ಮಂತ್ರಿ ಆಗಿದ್ದ ವೈನ್‌ಬರ್ಗರ್ ಸೇರಿ ಆರು ಜನಕ್ಕೆ ಮಾಫಿ ಕೊಟ್ರು, ವೈನ್‌ಬರ್ಗರ್ ವಿಚಾರಣೆ ಇನ್ನು ಕೆಲವೇ ದಿನದಲ್ಲಿ ಶುರುವಾಗಬೇಕಿತ್ತು. ಕ್ಲಿಂಟನ್ 2001ರ ಜನವರಿ 20, ಕೊನೇ ದಿನ, 140 ಪಾರ್ಡನ್ ಕೊಟ್ರು, ಅದರಲ್ಲಿ ಅವರ ಮಲತಮ್ಮ ರೋಜರ್ ಕ್ಲಿಂಟನ್ ಒಬ್ಬ, ಇನ್ನೊಬ್ಬ ಮಾರ್ಕ್ ರಿಚ್, ತೆರಿಗೆ ವಂಚನೆ ಕೇಸಲ್ಲಿ 1983ರಿಂದ ಸ್ವಿಟ್ಜರ್ಲೆಂಡಲ್ಲಿ ತಲೆಮರೆಸಿಕೊಂಡಿದ್ದೋನು. ಅವನ ಮಾಜಿ ಹೆಂಡತಿ ಕ್ಲಿಂಟನ್ ಪಾರ್ಟಿಗೂ ಕ್ಲಿಂಟನ್ ಲೈಬ್ರರಿಗೂ ದುಡ್ಡು ಕೊಟ್ಟಿದ್ರು. ಅದೇ ಪಾರ್ಟಿಯ ಕಾರ್ಟರೇ ಬಹಿರಂಗವಾಗಿ ಛೀಮಾರಿ ಹಾಕಿದ್ರು.

ನಾನು ಬೈಡನ್‌ಗೆ ವೋಟು ಹಾಕಿದೋನು, ನಿಂಗೆ ಗೊತ್ತು. ಮಗನಿಗೆ ಪಾರ್ಡನ್ ಕೊಡಲ್ಲ ಅಂತ ಹೇಳಿದ್ರು, ಆಮೇಲೆ 2024ರ ಡಿಸೆಂಬರ್ 1ಕ್ಕೆ ಹಂಟರ್‌ಗೆ ಕೊಟ್ಟೇಬಿಟ್ರು, ಅದೂ ಬರೀ ಆ ಗನ್ ಕೇಸು ಟ್ಯಾಕ್ಸ್ ಕೇಸಿಗಲ್ಲ, 2014ರ ಜನವರಿಯಿಂದ ಅವತ್ತಿನ ತನಕ ಮಾಡಿರಬಹುದಾದ ಎಲ್ಲಾ ಫೆಡರಲ್ ಅಪರಾಧಕ್ಕೂ. ಅವತ್ತು ರಾತ್ರಿ ನಂಗೆ ಊಟ ಸೇರಲಿಲ್ಲ. ಅಪ್ಪನ ಕರುಳು ಅರ್ಥ ಆಗುತ್ತೆ, ನಾನೂ ಅಪ್ಪನೇ, ಆದ್ರೆ ಆ ಪೆನ್ನು ಅಪ್ಪಂದಲ್ಲ ಕಣೋ. ಅದೇ ತಿಂಗಳು ಫೆಡರಲ್ ಮರಣದಂಡನೆ ಕಾಯ್ತಿದ್ದ 40 ಜನರಲ್ಲಿ 37 ಜನಕ್ಕೆ ಜೀವಾವಧಿಗೆ ಇಳಿಸಿದ್ರು, ಅದು ಯೋಚನೆ ಮಾಡಿ ಮಾಡಿದ ಕೆಲಸ ಅಂತ ನಾನು ನಂಬ್ತೀನಿ, ಆದ್ರೆ ಹಂಟರ್ ಹೆಸರು ಬಂದ ಮೇಲೆ ಯಾರು ಅದರ ಬಗ್ಗೆ ಸಮಾಧಾನವಾಗಿ ಮಾತಾಡ್ತಾರೆ ಹೇಳು. ಅಧಿಕಾರ ಬಿಡೋ ದಿನ ತಮ್ಮಂದಿರು ತಂಗಿಗೂ ಕೊಟ್ಟು ಹೋದ್ರು. ಅದೇ ದಿನ ಸಂಜೆ, 2025ರ ಜನವರಿ 20, ಟ್ರಂಪ್ ಬಂದು 2021ರ ಜನವರಿ 6ಕ್ಕೆ ಇಲ್ಲಿನ ಪಾರ್ಲಿಮೆಂಟ್ ಕಟ್ಟಡ ಕ್ಯಾಪಿಟಲ್ ಮೇಲೆ ನುಗ್ಗಿದ ಕೇಸಿನ ಸುಮಾರು 1,500 ಜನಕ್ಕೆ ಒಟ್ಟಿಗೇ ಮಾಫಿ ಬರೆದ್ರು. ಪೊಲೀಸರಿಗೆ ಹೊಡೆದೋರು ಅದರಲ್ಲೇ ಇದ್ರು, 22 ವರ್ಷ ಶಿಕ್ಷೆ ಆಗಿದ್ದ, ಪ್ರೌಡ್ ಬಾಯ್ಸ್ ಅನ್ನೋ ಗುಂಪಿನ ನಾಯಕ ಟಾರಿಯೋನೂ ಇದ್ದ. ನುಗ್ಗಿದ ಆ ದಿನ ಸುಮಾರು 140 ಪೊಲೀಸರಿಗೆ ಗಾಯ ಆಗಿತ್ತು. ಕ್ಷಮೆ ಕೊಡಬೇಕಾದ್ರೆ ಮೊದಲು ಪೆಟ್ಟು ತಿಂದೋರನ್ನ ಒಂದು ಮಾತು ಕೇಳಬೇಡವಾ?

ಟ್ರಂಪ್ ಕೊಟ್ಟಿದ್ದೆಲ್ಲ ತಪ್ಪು ಅಂತ ನಾನು ಹೇಳಲ್ಲ. ಆಲಿಸ್ ಮೇರಿ ಜಾನ್ಸನ್ ಅಂತ ಒಬ್ಬ ಅಜ್ಜಿ, ಮೊದಲನೇ ಸಲದ ಡ್ರಗ್ ಕೇಸಿಗೇ ಜೀವಾವಧಿ ಆಗಿ 21 ವರ್ಷ ಜೈಲಲ್ಲಿದ್ರು, 2018ರಲ್ಲಿ ಟ್ರಂಪ್ ಬಿಡಿಸಿದ್ರು. ಆ ಅಮ್ಮ ಓಡ್ಕೊಂಡು ಬಂದು ಮನೆಯವರನ್ನ ತಬ್ಬಿಕೊಂಡ ವೀಡಿಯೋ ನೋಡಿ ನಾನು ಅತ್ತಿದೀನಿ. ಆದ್ರೆ ಅವರ ಹೆಸರು ಟ್ರಂಪ್ ಕಿವಿಗೆ ಮುಟ್ಟಿಸಿದ್ದು ಟಿವಿ ತಾರೆ ಕಿಮ್ ಕಾರ್ಡಾಶಿಯನ್, ವೈಟ್ ಹೌಸಿಗೇ ಹೋಗಿ. ನಮ್ಮ ಪಕ್ಕದ ಮನೆಯವರಿಗೆ ಯಾವ ಕಾರ್ಡಾಶಿಯನ್ ಇದಾರೆ? ಇರೋದು ಚರ್ಚಿನ ಪಾದ್ರಿ, ಹಳೇ ಮಾಲೀಕ, ಮತ್ತೆ ನಾನು.

ಸರಿ ಮಾಡೋದು ಹೇಗೆ ಅಂತ ನೀನು ಕೇಳೇ ಕೇಳ್ತೀಯ. 1974ರಲ್ಲೇ ಮಾಂಡೇಲ್ ಅನ್ನೋ ಸೆನೆಟರ್ ಒಂದು ತಿದ್ದುಪಡಿ ತಂದಿದ್ರು, 180 ದಿನದೊಳಗೆ ಎರಡೂ ಸದನ ಮೂರನೇ ಎರಡು ಬಹುಮತದಲ್ಲಿ ಪಾರ್ಡನ್ ರದ್ದು ಮಾಡಬಹುದು ಅಂತ, ಮುಂದೆ ಹೋಗಲಿಲ್ಲ. ಸಂವಿಧಾನ ತಿದ್ದೋಕೆ ಮುಕ್ಕಾಲು ಭಾಗ ರಾಜ್ಯಗಳು ಒಪ್ಪಬೇಕು, ಈ ಕಾಲದಲ್ಲಿ ಅದು ಆಗೋ ಮಾತಲ್ಲ. ಅಧಿಕಾರನೇ ಕಿತ್ತಾಕಿ ಅನ್ನೋರ ಜೊತೆ ಮಾತ್ರ ನಾನಿಲ್ಲ, ಯಾಕಂದ್ರೆ ಕಿತ್ತಾಕಿದ ದಿನ ಮೊದಲು ಬಾಗಿಲು ಮುಚ್ಚೋದು ಪೆನ್ಸಿಲಲ್ಲಿ ಬರೀತಾ ಕೂತಿದ್ರಲ್ಲ, ಅವರಿಗೆ. ನಂಗನ್ಸೋದು, ಅರ್ಜಿ ನೋಡೋ ಆಫೀಸು ನ್ಯಾಯ ಇಲಾಖೆ ಒಳಗೇ ಇದೆ, ಶಿಕ್ಷೆ ಕೊಡಿಸಿದ ವಕೀಲರ ಇಲಾಖೆನೇ ಕ್ಷಮೆಗೂ ಶಿಫಾರಸು ಮಾಡಬೇಕು, ಅದನ್ನ ಮೊದಲು ಹೊರಗೆ ತಂದು ಜನ ಕೊಟ್ಟು, ಒಳಗೆ ಬಿದ್ದಿರೋ ಸಾವಿರಾರು ಅರ್ಜಿಗೆ ಹೌದು ಇಲ್ಲ ಅಂತ ಟೈಮಿಗೆ ಉತ್ತರ ಕೊಡ್ಲಿ. ಇದಕ್ಕೆ ಸಂವಿಧಾನ ತಿದ್ದೋದೂ ಬೇಕಾಗಿಲ್ಲ.

ಅವರ ಅರ್ಜಿ ಕಳಿಸಿ ಏಳು ತಿಂಗಳಾಯ್ತು. ಕೇಸ್ ನಂಬರ್ ಹಾಕಿ ವೆಬ್‌ಸೈಟಲ್ಲಿ ನೋಡಬಹುದು, ಪ್ರತಿ ಸೋಮವಾರ ನೋಡ್ತೀನಿ, ಪೆಂಡಿಂಗ್ ಅಂತಲೇ ಬರುತ್ತೆ. ಮೊನ್ನೆ ಅವರೇ ಕೇಳಿದ್ರು, ನಿಮ್ಮ ಊರಲ್ಲಿ ಹೇಗೆ ಅಂತ, ಆಗಸ್ಟ್ 15ಕ್ಕೆ ಸನ್ನಡತೆ ಮೇಲೆ ಕೈದಿಗಳನ್ನ ಬಿಡ್ತಾರೆ ಅಂತ ಹೇಳಿದೆ, ಯಾರು ಆರಿಸ್ತಾರೆ, ಹೇಗೆ ಆರಿಸ್ತಾರೆ ಅಂದ್ರು, ನಂಗೆ ಸರಿಯಾಗಿ ಹೇಳೋಕೆ ಬರಲಿಲ್ಲ. ನೀನು ಅದನ್ನ ಒಂದು ವಾಯ್ಸ್ ಮೆಸೇಜಲ್ಲಿ ಬಿಡಿಸಿ ಹೇಳಿ ಕಳಿಸು, ನಾನು ಇಂಗ್ಲಿಷಲ್ಲಿ ಅವರಿಗೆ ಹೇಳ್ತೀನಿ. ಡಿಸೆಂಬರಲ್ಲಿ ಬರ್ತಿದೀನಿ, ಅಮ್ಮಂಗೆ ಹೇಳು, ಮೊಣಕಾಲಿಗೆ ಕೇಳಿದ್ದ ಪಟ್ಟಿ ತಗೊಂಡಿಟ್ಟಿದೀನಿ.

ನಿನ್ನ,
ರವಿ